ಸಕ್ರಿಪುಡಾಕ್ಕೆ ಬಿದ್ದ ಚಪ್ಪಾಳೆ

ಬೇವು ಹೂ ಬಿಟ್ಟ ವಾಸನೆ ಬಂದರೆ ಎಲ್ಲರಿಗೂ ಯುಗಾದಿ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ಚಪ್ಪಾಳೆ. ತಟ್ಟಬಾರದಿದ್ದ ಚಪ್ಪಾಳೆ. ಈಗ ನಾನಿರುವುದು ಅಫಜಲಪುರ ಕಡೆಯ ಒಂದು ಶಾಲೆಯಲ್ಲಿ. ಇಲ್ಲಿಯ ಅಂಗಳದಲ್ಲೂ ಬೇವಿನ ಮರವಿದೆ. ಮೊನ್ನೆ ಮುಂಜಾನೆ ಪ್ರಾರ್ಥನೆಗೆ ನಿಂತಾಗ ಗಾಳಿಗೆ ಹೂ ಉದುರಿ ಮಕ್ಕಳ ತಲೆಯ ಮೇಲೆಲ್ಲ ಬಿತ್ತು. ಪಕ್ಕದಲ್ಲಿದ್ದ ಹೊಸ ಟೀಚರ್, "ಎಷ್ಟು ಛಂದ ವಾಸನಿ ನೋಡ್ರಿ ಮೇಡಂ" ಎಂದಳು. ನಾನು ಹೂಂ ಎಂದೆ. 

ಆ ವರ್ಷ ನಾನು ಆಳಂದ ತಾಲ್ಲೂಕಿನಲ್ಲಿದ್ದೆ. ಸರಸಂಬಾ ದಾಟಿ ಇನ್ನಷ್ಟು ಮುಂದೆ ಹೋದರೆ ಸಿಗುವ ಊರು. ಹೆಸರು ಹೇಳುವುದಿಲ್ಲ; ಹೇಳಿದರೆ ಅಲ್ಲಿಯ ಹೆಣ್ಣುಮಕ್ಕಳಿಗೆ ಮುಜುಗರ. ಊರ ಹೊಲಗಳು ಮುಗಿದಲ್ಲಿ ಮಹಾರಾಷ್ಟ್ರ ಶುರು. ಜನ ಸಂತೆಗೆ ಆಳಂದಕ್ಕೆ ಹೋಗುತ್ತಾರೆ, ಬೀಗತನಕ್ಕೆ ಅಕ್ಕಲಕೋಟಕ್ಕೆ. ಎಮ್ಮೆಗಳಿಗಂತೂ ಎರಡೂ ರಾಜ್ಯದ ಹುಲ್ಲು ಒಂದೇ. ನಾನು ಜೇವರ್ಗಿ ತಾಲ್ಲೂಕಿನ ಅಂದೋಲಾದವಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ನನ್ನ ತವರಿನವರೇ ಹೇಳುತ್ತಾರೆ. ಬಿಸಿ ಹಂಚಿನ ಮೇಲಿನ ಅಳ್ಳಿನ ಹಾಗೆ ಸಿಡಿಯುತ್ತೀ ಎಂದು ನಮ್ಮವ್ವ ಬೈಯುತ್ತಿದ್ದಳು. ಆದರೆ ಈ ನೆನಪಿನಲ್ಲಿ ನನ್ನ ಬಾಯಿಯಿಂದ ಹೆಚ್ಚೇನೂ ಉಪಯೋಗವಾಗಲಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಹೆಡ್‌ಮಾಸ್ತರರು ನಂಜುಂಡಪ್ಪ ಸರ್, ತುಮಕೂರು ಕಡೆಯವರು. ಒಳ್ಳೆಯ ಮನುಷ್ಯ. ಅವರ ಕನ್ನಡ ಊರಿಗೆ, ಊರ ಕನ್ನಡ ಅವರಿಗೆ ಅಷ್ಟಾಗಿ ಹೊಂದಿಕೊಂಡಿರಲಿಲ್ಲ. ಬಂದ ಹೊಸದರಲ್ಲಿ ಮೊಮ್ಮಗನನ್ನು ಬಿಡಲು ಬಂದ ಮುದುಕನೊಬ್ಬನಿಗೆ ಪ್ರೀತಿಯಿಂದ, "ತಿಂಡಿ ಆಯ್ತಾ ಯಜಮಾನರೇ?" ಎಂದು ಕೇಳಿದ್ದರು. ನಮ್ಮ ಕಡೆ ತಿಂಡಿ ಎಂದರೆ ಮೈ ತುರಿಕೆ. ಮುತ್ಯಾ ತನ್ನ ತೋಳು ತಿರುಗಿಸಿ ನೋಡಿಕೊಂಡು, "ನನಗ್ಯಾಕ ತಿಂಡಿ ಆಗ್ತದ್ರಿ ಸರ? ದಿನಾ ಜಳಕಾ ಮಾಡ್ತೇನಿ" ಎಂದಿದ್ದ. ವಾರಗಟ್ಟಲೆ ನಕ್ಕಿದ್ದೆವು. ಭಾಷೆಯ ಈ ಎಡವಟ್ಟು ನಗಿಸುವುದಷ್ಟೇ ಅಲ್ಲ, ಅಳಿಸಲೂಬಲ್ಲದು ಎಂದು ಆಗ ಯಾರಿಗೆ ಗೊತ್ತಿತ್ತು?

ಶಾಲೆಯಲ್ಲಿ ದಿನಾ ಮುಂಜಾನೆ ಪ್ರಾರ್ಥನೆಯ ನಂತರ ಒಬ್ಬ ಹುಡುಗ ಅಥವಾ ಹುಡುಗಿ ಪತ್ರಿಕೆಯ ಸುದ್ದಿ ಓದಬೇಕು. ನಮ್ಮೂರಿಗೆ ಪತ್ರಿಕೆ ಬರುವುದು ಹತ್ತೂವರೆಯ ಬಸ್ಸಿಗೆ. ಹಾಗಾಗಿ ಓದುತ್ತಿದ್ದದ್ದು ಯಾವಾಗಲೂ ನಿನ್ನೆಯ ಪತ್ರಿಕೆ, ಅದರಲ್ಲಿರುವುದು ಮೊನ್ನೆಯ ಸುದ್ದಿ. ಮಕ್ಕಳು ನಿಂತಲ್ಲೇ ತೂಕಡಿಸುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸರ್‌ಗೆ ಏನು ಹೊಳೆಯಿತೋ, ಪತ್ರಿಕೆ ಮಡಚಿ ಇಟ್ಟು, "ನಾಳೆಯಿಂದ ಇದು ಬೇಡ. ನಿಮ್ಮ ನಿಮ್ಮ ಓಣಿಯ ಸುದ್ದಿ ತನ್ನಿ. ಸುದ್ದಿ ಹೇಳಿ, ಕೊನೆಗೆ ಯಾರಿಗಾದರೂ ಒಂದು ಮೆಚ್ಚುಗೆಯ ಮಾತು ಹೇಳಿ" ಎಂದರು. ಮೆಚ್ಚುಗೆಯ ಮಾತು ಎನ್ನುವುದು ನಮ್ಮ ಮಕ್ಕಳ ಬಾಯಲ್ಲಿ ತಿರುಗಲಿಲ್ಲ. ಎರಡೇ ದಿನದಲ್ಲಿ ಅದನ್ನು ಶಾಬಾಸಕಿ ಮಾಡಿಕೊಂಡರು. ಬೆನ್ನು ಚಪ್ಪರಿಸಿ ಭೇಷ್ ಅನ್ನುವುದಕ್ಕೆ ನಮ್ಮಲ್ಲಿ ಅದೇ ಮಾತು.

ಆ ನಂತರದ ಒಂದೂವರೆ ತಿಂಗಳು ನಾನು ಶಾಲೆಗೆ ಬೇಗ ಹೋಗುತ್ತಿದ್ದೆ. ಅಂಥ ಸುದ್ದಿಗಳನ್ನು ಯಾವ ಪತ್ರಿಕೆಯೂ ಕೊಡಲಾರದು. "ನಮ್ಮ ಎಮ್ಮಿ ಹೆಣ್ಣ ಕರಾ ಹಾಕ್ಯಾದ್ರಿ. ಎಮ್ಮಿಗಿ ಶಾಬಾಸಕಿ." "ಪುಣೆಕ ದುಡಿಲಾಕ ಹೋದ ನಮ್ಮ ಕಾಕಾ ಬಂದಾನ್ರಿ. ನನಗ ಚಪ್ಪಲ್ ತಂದಾನ್ರಿ. ಒಂದೇ ಕಾಲಿಂದು ದೊಡ್ಡದಾಗ್ಯಾದ್ರಿ. ಆದ್ರೂ ಶಾಬಾಸಕಿ." ತೊಗರಿ ರಾಶಿ ಮುಗಿದದ್ದು, ಜೋಳದ ಹೊಲಕ್ಕೆ ಹಂದಿ ನುಗ್ಗಿದ್ದು, ಮುತ್ಯಾನ ಕಣ್ಣಿನ ಪೊರೆ ತೆಗೆಸಿದ್ದು, ಎಲ್ಲವೂ ನಮ್ಮ ಬೇವಿನ ಮರದ ಕೆಳಗೆ ಬಂದು ಬಿದ್ದವು. ಊಟದ ಕೋಣೆಯ ಅಡುಗೆಯವಳಿಗೆ ಶಾಬಾಸಕಿ ಬಂದ ದಿನ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದಳು. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ನಿಧಾನವಾಗಿ ಊರಿನವರೂ ಕಾಂಪೌಂಡ್ ಗೋಡೆಗೆ ಒರಗಿ ಕೇಳತೊಡಗಿದರು. ಕೆಲವರು ಚಹಾ ಕಪ್ಪಿನ ಸಮೇತ ಬಂದು ನಿಲ್ಲುತ್ತಿದ್ದರು. "ನಮ್ಮ ಸುದ್ದಿನೂ ಒಂದೀಟು ಹೇಳಸ್ರಿ ಟೀಚರ್" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವವರಿದ್ದರು. ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯ ಗುರುಶಾಂತಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ, ತಾನೇ ಒಂದು ಮೈಕ್ ಸೆಟ್ಟು ತಂದುಕೊಟ್ಟ. ಆಳಂದದ ಅಡತಿ ಅಂಗಡಿಯೊಂದರಲ್ಲಿ ತೊಗರಿ ತೂಕ ನೋಡುವ ಕೆಲಸ ಅವನದು. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಶಾಲೆಯ ವಾರ್ಷಿಕೋತ್ಸವಕ್ಕೆ ಅವನಿಗೆ ಶಾಲು ಹೊದಿಸಿ ಸತ್ಕಾರ ಮಾಡಿದೆವು. ಅವನ ಇಬ್ಬರು ಹೆಣ್ಣುಮಕ್ಕಳೂ ನಮ್ಮ ಶಾಲೆಯಲ್ಲೇ. ದೊಡ್ಡವಳು ಸುವರ್ಣಾ ಏಳನೆಯ ತರಗತಿ. ಚಿಕ್ಕವಳು ಅಂಬಿಕಾ, ಎಲ್ಲರ ಬಾಯಲ್ಲಿ ಅಂಬು, ಮೂರನೆಯ ತರಗತಿ, ನನ್ನ ಕೋಣೆಯ ಹುಡುಗಿ.

ಸುವರ್ಣಾಳ ಧ್ವನಿ ಶಾಲೆಗೇ ದೊಡ್ಡದು. ಸಾವಧಾನ್, ವಿಶ್ರಾಮ್ ಹೇಳುವ ಕೆಲಸ ಅವಳದು. ಅವಳು ಸಾವಧಾನ್ ಎಂದರೆ ಗೋಡೆಯ ಆಚೆ ನಿಂತ ದೊಡ್ಡವರೂ ಕಾಲು ಜೋಡಿಸುತ್ತಿದ್ದರು. ಆದರೆ ತನ್ನ ಬಗ್ಗೆ ಮಾತ್ರ ಒಂದು ಮಾತೂ ಆಡುವವಳಲ್ಲ. ಅಂಬು ಪೂರ್ತಿ ಉಲ್ಟಾ. ಕೂಗು ಸಣ್ಣದು, ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಮನೆಯಲ್ಲಿ ಪಲ್ಯ ಏನು ಎನ್ನುವುದರಿಂದ ಹಿಡಿದು ಅಪ್ಪ ನಿದ್ದೆಯಲ್ಲಿ ಏನು ಬಡಬಡಿಸಿದ ಎನ್ನುವವರೆಗೆ ಹಾಜರಿ ಹಾಕುವಷ್ಟರಲ್ಲಿ ನನಗೆ ವರದಿ ಒಪ್ಪಿಸುತ್ತಿದ್ದಳು.

ಒಂದು ಎಚ್ಚರಿಕೆ ನಮಗೆ ಮೊದಲೇ ಬಂದಿತ್ತು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಮೈಕಿನಲ್ಲಿ, "ನಮ್ಮ ಕಾಕಾ ಲೈಟಿನ ಕಂಬಕ್ಕ ಕೊಕ್ಕಿ ಒಗದು ಮನಿಗಿ ಕರೆಂಟ ತಂದಾನ್ರಿ. ಕಾಕಾಗ ಶಾಬಾಸಕಿ" ಎಂದ. ಗೋಡೆಯ ಆಚೆ ನಗುವೋ ನಗು. ಕಾಕಾ ಮಾತ್ರ ಮಧ್ಯಾಹ್ನ ಸಿಟ್ಟಿನಿಂದ ಬಂದು, ಹುಡುಗನಿಗೆ ಏನು ಕಲಿಸುತ್ತಿದ್ದೀರಿ ಎಂದು ಕೂಗಾಡಿ ಹೋದ. ನಂಜುಂಡಪ್ಪ ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು, "ಸರ್, ಇದು ಒಂದಿನ ಕೈ ಸುಡ್ತದ್ರಿ. ಮನಿ ಮಾತು, ಸಾಲಿ ಮಾತು ಬ್ಯಾರೆ ಬ್ಯಾರೆ ಇರಬೇಕು" ಎಂದೆ. ಅವರು, "ಮಕ್ಕಳ ಬಾಯಿಗೆ ಬೀಗ ಹಾಕೋದಾದರೆ ಶಾಲೆ ಯಾಕೆ ಮೇಡಂ?" ಎಂದರು. ಅದೂ ಸರಿಯೇ. 

ಹೋಳಿ ಮುಗಿದಿತ್ತು. ಮಕ್ಕಳ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಜೋಳದ ಕೊಯ್ಲು ನಡೆದಿತ್ತು, ದಾರಿಯುದ್ದಕ್ಕೂ ಕಣಿಕೆಯ ಹೊರೆ ಹೊತ್ತ ಟ್ರ್ಯಾಕ್ಟರುಗಳು. ಬೇವು ಹೂ ಬಿಟ್ಟು ಅಂಗಳವೆಲ್ಲ ಘಮಘಮ. ಆ ದಿನ ಸುದ್ದಿ ಹೇಳುವ ಪಾಳಿ ಅಂಬುವಿನದು. ಮೈಕಿಗೆ ಎಟುಕುವುದಿಲ್ಲವೆಂದು ಸರ್ ಅವಳನ್ನು ಕುರ್ಚಿಯ ಮೇಲೆ ನಿಲ್ಲಿಸಿದರು. ಅವಳು ಎರಡೂ ಜಡೆ ಮುಂದೆ ಎಳೆದುಕೊಂಡು, ಬಲು ಖುಷಿಯಿಂದ ಶುರು ಮಾಡಿದಳು.

"ನಮ್ಮ ಸುವರ್ಣಕ್ಕಗ ಅಕ್ಕಲಕೋಟದಿಂದ ನಮ್ಮ ಅತ್ತಿ ಸಕ್ರಿಪುಡಾ ತಂದಿದ್ಲರಿ. ಹಸರ ಸೀರಿ ಉಡಿಸ್ಯಾರ್ರಿ. ಕಾಲಾಗ ಚೈನ ಹಾಕ್ಯಾರ್ರಿ. ನನಗ ಎರಡ ಲಾಡು ಕೊಟ್ಟಾರ್ರಿ. ನಮ್ಮ ಅಕ್ಕಗ ಶಾಬಾಸಕಿ."

ನಾನು ಮೈಕಿನ ಕಡೆ ಹೆಜ್ಜೆ ಹಾಕಿದೆ. ಹೆಡ್‌ಮಾಸ್ತರರು ಆಗಲೇ ಮೈಕಿಗೆ ಬಾಗಿ, ನಗುನಗುತ್ತ, "ಅತ್ತೆ ಸಕ್ಕರೆ ಪುಡಿ ತಂದಿದ್ದಾರಾ! ಬಹಳ ಸಂತೋಷ. ನಮ್ಮ ಸುವರ್ಣಾಳಿಗೂ ಸಿಹಿ ತಂದ ಅತ್ತೆಗೂ ಸೇರಿಸಿ ಒಂದು ಜೋರು ಚಪ್ಪಾಳೆ ಬರಲಿ!" ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಚಿಕ್ಕ ಮಕ್ಕಳು ಕೈ ಕೆಂಪಾಗುವಂತೆ ತಟ್ಟಿದರು. ಏಳನೆಯ ತರಗತಿಯ ಸಾಲಿನಲ್ಲಿ ಒಂದು ಹುಡುಗಿಯೂ ತಟ್ಟಲಿಲ್ಲ, ಎಲ್ಲರೂ ಸುವರ್ಣಾಳ ಕಡೆ ನೋಡುತ್ತಿದ್ದರು. ಅವಳು ತನ್ನ ಕಾಲ ಬೆರಳನ್ನೇ ನೋಡುತ್ತ ನಿಂತಿದ್ದಳು. ಗೋಡೆಯ ಆಚೆ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕಪ್ಪು ಕೈಯಲ್ಲಿ ಹಿಡಿದೇ ಜಾಗ ಖಾಲಿ ಮಾಡಿದರು. ಸುದ್ದಿ ಮುಗಿದ ಮೇಲೆ ಸಾವಧಾನ್ ಹೇಳಬೇಕಾದವಳು ಹೇಳಲಿಲ್ಲ. ಸರ್ ಒಂದು ಗಳಿಗೆ ಕಾದು, ತಾವೇ ಹೇಳಿದರು.

ಗಡಿಯ ಆ ಭಾಗದಲ್ಲಿ ಸಕ್ರಿಪುಡಾ ಎಂದರೆ ಸಕ್ಕರೆ ಪುಡಿಯೂ ಅಲ್ಲ, ಊರಿಗೆ ಬಂದ ಅತ್ತೆ ತರುವ ತಿನಿಸೂ ಅಲ್ಲ. ಗಂಡಿನ ಕಡೆಯವರು ಬಂದು, ಸಕ್ಕರೆಯ ಪೊಟ್ಟಣ ಕೊಟ್ಟು, ಸೀರೆ ಉಡಿಸಿ, ಉಡಿ ತುಂಬಿದರೆ ಮಾತು ಮುಗಿಯಿತು. ಹುಡುಗಿ ಅವರ ಮನೆಯವಳು. ಸುವರ್ಣಾಳಿಗೆ ಆಗ ಹದಿಮೂರು ವರ್ಷ.

ಆಫೀಸು ಕೋಣೆಯಲ್ಲಿ ನಾನು ಇದನ್ನು ಬಿಡಿಸಿ ಹೇಳಿದಾಗ ನಂಜುಂಡಪ್ಪ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಶ್ಚಿತಾರ್ಥವಾ? ಆ ಮಗೂಗಾ?"

"ಹೌದ್ರಿ ಸರ್. ಮದಿವಿ ಯುಗಾದಿ ಆದ ಮ್ಯಾಲ ಇರಬೇಕು."

"ನಾನು ಚಪ್ಪಾಳೆ ತಟ್ಟಿಸಿದೆನಲ್ಲ ಮೇಡಂ. ಮೈಕಿನಲ್ಲಿ. ಊರಿಗೆಲ್ಲ ಕೇಳೋ ಹಾಗೆ."

 ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಅಲ್ಲಿಂದಲೇ ಮಕ್ಕಳ ರಕ್ಷಣೆಯ ಇಲಾಖೆಗೆ ಫೋನ್ ಮಾಡಲು ಹೊರಟರು. ನಾನು ತಡೆದೆ. ಜೀಪು ಬರುತ್ತದೆ ಎಂದು ಗೊತ್ತಾದರೆ ಹುಡುಗಿಯನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೊಲದ ದಾರಿಯಲ್ಲಿ ಗಡಿ ದಾಟಿಸಿಬಿಡುತ್ತಾರೆ. ಆಮೇಲೆ ಯಾವ ಊರು, ಯಾವ ಮನೆ ಎಂದು ಹುಡುಕುವುದು? ಮೊದಲು ಒಂದು ಸಲ ಮಾತಾಡಿ ನೋಡೋಣ ಎಂದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಬಾಯಿಯಲ್ಲಿ ಬಿಸಿ ತುಪ್ಪ.

ಸಂಜೆ ಇಬ್ಬರೂ ಗುರುಶಾಂತಪ್ಪನ ಮನೆಗೆ ಹೋದೆವು. ಅವನು ಕಟ್ಟೆಯ ಮೇಲೆ ಕುಳಿತಿದ್ದ. ಎದ್ದು ನಿಂತು, "ಬರ್ರಿ ಸರ, ಬರ್ರಿ ಟೀಚರ್, ಕುಂದರ್ರಿ" ಎಂದ. ಮರ್ಯಾದೆಯಲ್ಲಿ ಒಂದು ಗುಂಜಿಯೂ ಕಡಿಮೆ ಮಾಡಲಿಲ್ಲ. ಅವನ ಹೆಂಡತಿ ಕಾಶಿಬಾಯಿ ಚಹಾ ತಂದಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದೆ ಸರಿದಳು. ಒಳಗಿನಿಂದ ಸಣ್ಣಗೆ ಬಿಕ್ಕುವುದು ಕೇಳುತ್ತಿತ್ತು. ಅದು ಅಂಬು ಎಂದು ನನಗೆ ತಕ್ಷಣ ಗೊತ್ತಾಯಿತು. ಹೊಡೆತ ಬಿದ್ದಿದೆ ಎಂದೂ ಗೊತ್ತಾಯಿತು. ಚಹಾ ಕಪ್ಪು ಕೆಳಗಿಟ್ಟೆ.

"ನಾ ಏನ್ ಕಳವು ಮಾಡಿಲ್ಲ ಟೀಚರ್" ಎಂದು ಅವನೇ ಶುರು ಮಾಡಿದ. "ನಮ್ಮ ಅಕ್ಕ ಜಗದೇವಿ ನನ್ನ ಎತ್ತಿ ಆಡಿಸಿದಾಕಿ. ನಮ್ಮವ್ವ ಸತ್ತ ಮ್ಯಾಲ ಅಕೀನೇ ನನಗ ಅವ್ವ. ಅಂಥಾಕಿ ಈ ಅಂಗಳದಾಗ ನಿಂತು ಉಡಿ ಒಡ್ಡಿ, ನನ್ನ ಮಗನ ಸಲುವಾಗಿ ನಿನ್ನ ಮಗಳನ್ನ ನನ್ನ ಉಡ್ಯಾಗ ಹಾಕು ತಮ್ಮಾ ಅಂದ್ಲು. ಒಡಹುಟ್ಟಿದಾಕಿ ಉಡಿ ಒಡ್ಡಿದಾಗ ಇಲ್ಲ ಅಂದ್ರ ನಾ ಮನಷಾ ಏನ್ರಿ?"

"ಅಕಿ ಇನ್ನಾ ಸಣ್ಣಾಕಿ ಅಣ್ಣಾ. ಮೈನೂ ನೆಟ್ಟಗ ಬೆಳದಿಲ್ಲ" ಎಂದೆ.

"ಅಕ್ಕಿಕಾಳು ಹಾಕಿ ಮದಿವಿ ಮಾಡಿದ ಕೂಡ್ಲೇ ಕಳಿಸಿಬಿಡ್ತೀನೇನು? ಇನ್ನಾ ಮೂರ್ನಾಕು ವರ್ಷ ನಮ್ಮನ್ಯಾಗೇ ಇರ್ತಾಳ."

"ಮತ್ತ ಸಾಲಿ?"

"ಎಲ್ಲದ್ರಿ ಸಾಲಿ?" ಅವನ ಧ್ವನಿ ಮೊದಲ ಸಲ ಏರಿತು. "ನಿಮ್ಮಲ್ಲಿ ಏಳನೇತ್ತಕ್ಕ ಬಾಗಲಾ ಹಾಕ್ತದ. ಹೈಸ್ಕೂಲಿಗಿ ಟಂಟಂ ಆಟೋದಾಗ ಗಂಡಸರ ನಡುವ ತೊಡಿಗಿ ತೊಡಿ ಹಚ್ಚಿ ಹೋಗಬೇಕು. ಹ್ವಾದ ವರ್ಷ ಹಂಗ ಹೋಗೂ ಹುಡುಗಿ ಬಗ್ಗೆ ಊರು ಏನೇನ್ ಅಂತು, ನೀವೂ ಕೇಳೀರಿ. ಕಳಿಸಿದ್ರ ಅಂತಾರ, ಮನ್ಯಾಗ ಕುಂದ್ರಿಸಿದ್ರ ಅಂತಾರ. ಅತ್ತಿ ಮನಿ ಅಂದ್ರ ಎರಡನೇ ತವರು. ಅಲ್ಲಿ ಯಾರೂ ಅನ್ನೂದಿಲ್ಲ."

ಸರ್ ಕಾಯ್ದೆಯ ಬಗ್ಗೆ ಹೇಳಿದರು, ಆಳಂದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ ಎಂದರು, ತಾವೇ ಓಡಾಡಿ ಸೀಟು ಕೊಡಿಸುತ್ತೇನೆ ಎಂದರು. ಗುರುಶಾಂತಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ. "ಕಾಯ್ದೆ ನಮಗೂ ಗೊತ್ತದ ಸರ. ಕಾಯ್ದೆ ನಮ್ಮ ಅಕ್ಕನ ಕಣ್ಣೀರು ಒರಸ್ತದೇನು?" ಎಂದ. ಮತ್ತೆ, "ಮೈಕ್ ನಾನೇ ಕೊಟ್ಟಿದ್ದೆ. ನಮ್ಮ ಮನಿ ಮಾತು ಅದ್ರಾಗೇ ಹರಾಜ ಹಾಕಿಸಿದ್ರಿ" ಎಂದ. 

ಎದ್ದು ಬರುವಾಗ ನಾನು ಕೇಳಿದೆ, "ಸುವರ್ಣಾನ ಯಾರರೆ ಒಂದು ಮಾತು ಕೇಳೀರೇನು ಅಣ್ಣಾ?"

ಅವನು ನಕ್ಕ. ಸಿಟ್ಟಿನ ನಗುವಲ್ಲ, ನಿಜವಾಗಿಯೂ ನನ್ನ ಪ್ರಶ್ನೆ ಅವನಿಗೆ ವಿಚಿತ್ರವೆನಿಸಿತ್ತು. "ಹಸರ ಸೀರಿ ಉಡಿಸಿದಾಗ ಅಕಿ ನಕ್ಕೋತ ನಿಂತಿದ್ಲು. ಮತ್ತ ಕೇಳೂದೇನದ ಟೀಚರ್?"

ಒಳಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ. ಹೊಸ ಸೀರೆ ಉಟ್ಟಾಗ ಹದಿಮೂರರ ಹುಡುಗಿ ನಗದೆ ಇನ್ನೇನು ಮಾಡುತ್ತಾಳೆ? ಅದನ್ನೇ ಒಪ್ಪಿಗೆ ಎಂದುಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ಗುರುಶಾಂತಪ್ಪ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು.

ಮರುದಿನ ಸರ್ ಫೋನ್ ಮಾಡಿದರು. ನಾನೂ ತಡೆಯಲಿಲ್ಲ. ಇಲಾಖೆಯವರು ಬಂದರು, ಚಾವಡಿಯಲ್ಲಿ ಕೂರಿಸಿ ಸಮಾಧಾನದಿಂದಲೇ ತಿಳಿಹೇಳಿದರು. ಗುರುಶಾಂತಪ್ಪ ಎಲ್ಲದಕ್ಕೂ, "ಆಯ್ತ್ರಿ ಸಾಹೇಬ್ರ, ಮಾಡೂದಿಲ್ರಿ" ಎಂದು ಬರೆದುಕೊಟ್ಟ. ಜೀಪಿನ ಧೂಳು ಇಳಿಯುವ ಮೊದಲೇ ಊರಲ್ಲಿ ಮಾತು ಹಬ್ಬಿತು: ಇಲ್ಲಿ ಆಗದಿದ್ದರೆ ಅಲ್ಲಿ. ರಜೆ ಬಿಟ್ಟ ಕೂಡಲೇ ಹುಡುಗಿಯನ್ನು ಅತ್ತೆಯ ಊರಿಗೆ ಕಳಿಸುತ್ತಾರೆ, ಅಕ್ಕಿಕಾಳು ಅಲ್ಲಿಯೇ ಬೀಳುತ್ತದೆ. ಸರ್ ಗಡಿಯ ಆಚೆಗೂ ಫೋನ್ ಮಾಡಿಸಿದರು. ನೋಡುತ್ತೇವೆ ಎಂದರಂತೆ. ಯಾವ ದಿನ, ಯಾವ ಗುಡಿಯಲ್ಲಿ ಎಂದು ನಮಗೇ ಗೊತ್ತಿಲ್ಲದಾಗ ಅವರಾದರೂ ಏನು ನೋಡಿಯಾರು?

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಗೋಡೆಗೆ ಒರಗಿ ನಿಲ್ಲುವವರು ಒಬ್ಬರೂ ಬರಲಿಲ್ಲ. ಸರ್ ಮೈಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಸುದ್ದಿ ಹೇಳುವುದನ್ನು ನಿಲ್ಲಿಸಲಿಲ್ಲ, ಆದರೆ ಮಕ್ಕಳಿಗೆ ಮನೆಯಲ್ಲಿ ತಾಕೀತಾಗಿತ್ತು. ಒಬ್ಬೊಬ್ಬರೇ ಬಂದು, "ಇವತ್ತ ಬಿಸಲು ಬಾಳ ಅದ್ರಿ. ಬಿಸಲಿಗಿ ಶಾಬಾಸಕಿ" ಎಂದು ಹೇಳಿ ಓಡುತ್ತಿದ್ದರು. ಮರುದಿನ ಇನ್ನೊಬ್ಬ, "ಇವತ್ತೂ ಬಿಸಲು ಬಾಳ ಅದ್ರಿ." ಅಷ್ಟು ಮಕ್ಕಳಿದ್ದ ಊರಿನಲ್ಲಿ ಬಿಸಿಲು ಬಿಟ್ಟು ಬೇರೆ ಸುದ್ದಿಯೇ ಇರ‍ಲಿಲ್ಲ. ಎಮ್ಮೆ ಕರು ಹಾಕಿದರೂ ಯಾರೂ ಹೇಳುತ್ತಿರಲಿಲ್ಲ.

ನೀರು ತರಲು ಹೋದ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಒಬ್ಬಳಂತೂ ನನಗೆ ಕೇಳುವ ಹಾಗೆಯೇ, "ಜೇವರ್ಗಿದಾಕಿ ನಮ್ಮ ಮನ್ಯಾಗಿನ ಒಲಿ ಆರಸಾಕ ಬಂದಾಳ ಬೇ" ಎಂದಳು. ಬಾಯಿಬಡುಕಿ ನಾನು ಅಂದು ಹೆಜ್ಜೆ ಚುರುಕು ಮಾಡಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಂಬು. ಎರಡು ದಿನ ಬಿಟ್ಟು ಶಾಲೆಗೆ ಬಂದಳು, ಎಡಗೆನ್ನೆ ಊದಿತ್ತು. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ತೆರೆಯಲಿಲ್ಲ. ಪಾಠ ಓದು ಎಂದರೆ ತುಟಿ ಅಲ್ಲಾಡಿಸುತ್ತಿದ್ದಳು, ಧ್ವನಿ ಇಲ್ಲ. ಒಂದು ದಿನ ಬಳಿಗೆ ಕೂರಿಸಿಕೊಂಡು, "ನಿಮ್ಮನ್ಯಾಗ ಇವತ್ತ ಪಲ್ಯಾ ಏನ ಮಾಡ್ಯಾರವ್ವಾ?" ಎಂದು ಮೆಲ್ಲಗೆ ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮನೆಯಲ್ಲಿ ಅವಳಿಗೆ ಮನೆ ಸುದ್ದಿ ಮಾರುವವಳು ಎಂದು ಹೆಸರಿಟ್ಟಿದ್ದರಂತೆ. ಎಂಟು ವರ್ಷದ ಕೂಸಿಗೆ ತಾನು ಮಾಡಿದ್ದು ಏನು ತಪ್ಪು ಎಂಬುದೂ ತಿಳಿದಿರಲಿಲ್ಲ. ಅಕ್ಕನಿಗೆ ಶಾಬಾಸಕಿ ಕೊಟ್ಟಿದ್ದಳು, ಅಷ್ಟೇ. ನಾನು ಬಚ್ಚಲ ಕಡೆ ಹೋಗಿ ಅತ್ತೆ. 

ಆ ಮದುವೆ ಆಯಿತೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಕಥೆ ಹೇಳುವವರ ಹಾಗೆ ಬಚ್ಚಿಟ್ಟುಕೊಂಡು ಕೂರಲು ನನಗೆ ಬರುವುದಿಲ್ಲ. ಆಗಲಿಲ್ಲ. ಬೇಸಿಗೆಯಲ್ಲಿ ಸಕ್ರಿಪುಡಾದ ಸೀರೆ, ಚೈನು ಅಕ್ಕಲಕೋಟಕ್ಕೆ ವಾಪಸು ಹೋದವು. ಜೂನಿನಲ್ಲಿ ಸುವರ್ಣಾ ಆಳಂದದ ಹಾಸ್ಟೆಲ್ ಸೇರಿದಳು. ಜಗದೇವಿ ಆ ವರ್ಷ ನಾಗರ ಪಂಚಮಿಗೆ ತವರಿಗೆ ಬರಲಿಲ್ಲ, ನನಗೆ ತಿಳಿದಮಟ್ಟಿಗೆ ಆಮೇಲೂ ಬಂದಿಲ್ಲ. ಗುರುಶಾಂತಪ್ಪ ಸಮಿತಿ ಬಿಟ್ಟ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಅಕ್ಕನನ್ನು ಕಳೆದುಕೊಂಡ ಮನುಷ್ಯನ ಮುಖವದು. ಅದನ್ನು ನೋಡಿ ಗೆದ್ದೆವು ಎಂದುಕೊಳ್ಳಲು ನನ್ನಿಂದಾಗಲಿಲ್ಲ. ಮನೆಯೊಳಗೆ ಏನು ನಡೆಯಿತು, ಯಾರು ಯಾರಿಗೆ ಏನೆಂದರು, ಎಷ್ಟು ದಿನ ಒಲೆ ಹೊತ್ತಲಿಲ್ಲ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಶಾಲೆಯ ಗೇಟಿನವರೆಗೆ ಮಾತ್ರ.

ಗೇಟಿನಲ್ಲಿ ನಾನು ಕಂಡದ್ದು ಆ ಬೇಸಿಗೆ ರಜೆಗೆ ಮೊದಲು, ಶಾಲೆಯ ಕೊನೆಯ ದಿನ, ಏಳನೆಯವರ ಬೀಳ್ಕೊಡುಗೆ. ಯುಗಾದಿ ಆಗಿತ್ತು. ಪರೀಕ್ಷೆ ಬರೆಯಲು ಗುರುಶಾಂತಪ್ಪ ಮಗಳನ್ನು ಕಳಿಸಿದ್ದ, ಅಷ್ಟು ಮರ್ಯಾದೆ ಅವನಿಗಿತ್ತು. ಬೀಳ್ಕೊಡುಗೆಗೂ ಕಳಿಸಿದ, ಆದರೆ ತಾನು ಬರಲಿಲ್ಲ. ಸುವರ್ಣಾಳನ್ನು ಕರೆದುಕೊಂಡು ಬಂದವಳು ಕಾಶಿಬಾಯಿ. ಮರುದಿನದ ಬಸ್ಸಿಗೆ ಅಕ್ಕಲಕೋಟಕ್ಕೆ ಹೊರಡುವುದಿತ್ತು, ಬ್ಯಾಗು ತುಂಬಿಟ್ಟಾಗಿದೆ ಎಂದು ಅವಳ ಓರಗೆಯ ಹುಡುಗಿಯರು ನನ್ನ ಕಿವಿಯಲ್ಲಿ ಹೇಳಿದರು. ಸರ್ ಇನ್ನೊಂದು ಸಲ ಫೋನ್ ಮಾಡುತ್ತೇನೆ ಎಂದು ಬೆಳಗ್ಗೆಯಿಂದ ಚಡಪಡಿಸುತ್ತಿದ್ದರು. ಕಾಶಿಬಾಯಿ ಒಳಗೆ ಕೂರಲಿಲ್ಲ, ಗೇಟಿನ ಹತ್ತಿರ ನೆರಳಿಗೆ ನಿಂತಳು.

ಬಿಟ್ಟು ಹೋಗುವ ಪ್ರತಿ ಮಗುವೂ ಒಂದು ಶಾಬಾಸಕಿ ಹೇಳಬೇಕೆಂದು ಸರ್ ಜನವರಿಯಲ್ಲೇ ಗೊತ್ತುಮಾಡಿದ್ದರು. ಈಗ ಅವರಿಗೇ ಅದು ಬೇಡವೆನಿಸಿತ್ತು, ಆದರೆ ಮಕ್ಕಳು ಬಿಡಲಿಲ್ಲ. ಒಬ್ಬ ಹೆಡ್‌ಮಾಸ್ತರರಿಗೆ ಹೇಳಿದ, ಒಬ್ಬಳು ಅಡುಗೆಯವಳಿಗೆ, ಇನ್ನೊಬ್ಬ ಬಿಸಿಲಿಗೇ ಹೇಳಿ ಎಲ್ಲರನ್ನೂ ನಗಿಸಿದ. ಸುವರ್ಣಾಳ ಸರದಿ ಬಂತು. ಮೈಕ್ ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಎದ್ದು ನಿಂತು, ಬೇವಿನ ಮರದ ಕಡೆ ನೋಡುತ್ತ, ಸಾವಧಾನ್ ಹೇಳುವ ಧ್ವನಿಯಲ್ಲೇ ಹೇಳಿದಳು.

"ನನ್ನ ಶಾಬಾಸಕಿ ನಮ್ಮ ಅಂಬೂಗ. ಅಕಿ ನನ್ನ ಸುದ್ದಿ ಹೇಳಿದ್ಲು. ನನಗ ಹೇಳಾಕ ಬಂದಿದ್ದಿಲ್ಲ."

 ನಂಜುಂಡಪ್ಪ ಸರ್ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದವರು, ತಟ್ಟಬೇಕೋ ಬೇಡವೋ ತಿಳಿಯದೆ ಹಾಗೆಯೇ ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ತಟ್ಟಿದೆ. ಏಳನೆಯ ತರಗತಿಯ ಹುಡುಗಿಯರು ತಟ್ಟಿದರು. ಆಮೇಲೆ ಸರ್. ಜೋರು ಚಪ್ಪಾಳೆಯೇನಲ್ಲ ಅದು, ಅಂಜಿ ಅಂಜಿ ತಟ್ಟಿದ್ದು. ಸುವರ್ಣಾ ಕುಳಿತುಬಿಟ್ಟಳು. 

ಮಕ್ಕಳಿಗೆ ಲಾಡು ಹಂಚಿ ಮುಗಿದು, ಎಲ್ಲರೂ ಚೀಲ ಹೆಗಲಿಗೇರಿಸಿದ ಮೇಲೆ ಅಂಬು ನನ್ನ ಹತ್ತಿರ ಬಂದು ಸೆರಗು ಹಿಡಿದು ಎಳೆದಳು. ನಾನು ಬಗ್ಗಿದೆ. ತಿಂಗಳ ಮೇಲೆ ಅವಳ ಧ್ವನಿ ಕೇಳಿದ್ದು ಆಗಲೇ. "ಟೀಚರ್, ಅಕ್ಕ ನನಗ ಶಾಬಾಸಕಿ ಕೊಟ್ಲು. ಇದನ್ನ ಮನ್ಯಾಗ ಹೇಳಬೇಕೋ, ಬ್ಯಾಡೋ?"

ಹೇಳು ಎಂದರೆ ಮತ್ತೆ ಪೆಟ್ಟು ತಿನ್ನುತ್ತಾಳೆ. ಬೇಡ ಎಂದರೆ ಜನ್ಮದಲ್ಲಿ ಇನ್ನು ಬಾಯಿ ತೆರೆಯುವುದಿಲ್ಲ.  ನಾನು ತಡವರಿಸುತ್ತಿದ್ದಾಗ ಗೇಟಿನ ಹತ್ತಿರ ನಿಂತಿದ್ದ ಕಾಶಿಬಾಯಿ ಬಂದಳು. ಇಷ್ಟು ದಿನಗಳಲ್ಲಿ ಅವಳು ಒಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಂದು ಕೈಯಲ್ಲಿ ಅಂಬುವಿನ ಕೈ ಹಿಡಿದಳು, ಇನ್ನೊಂದರಲ್ಲಿ ಸುವರ್ಣಾಳ ಕೈ.

"ನೀ ಹೇಳಬ್ಯಾಡ ಯವ್ವಾ" ಎಂದಳು. "ನಿಮ್ಮಪ್ಪಗ ನಾ ಹೇಳ್ತೇನಿ. ನಡೀರಿ."